ಹೊರಗಿನ ಮಾತು ಕೆಡುವುದು ಒಳಗೆ

ಸಂವಹನ ಅಂದ ಕೂಡಲೇ ಸಂಶೋಧನಾ ಕಾರ್ಯಕ್ರಮಗಳಲ್ಲಿ ಎಲ್ಲರ ತಲೆಗೆ ಬರುವುದು ಪತ್ರಿಕಾ ಹೇಳಿಕೆ, ಒಂದು ವೆಬ್‌ಸೈಟು, ನಾಲ್ಕು ಬಣ್ಣದ ಚಿತ್ರ. ಇದಕ್ಕೆ ಒಬ್ಬರನ್ನು ನೇಮಿಸಿಬಿಟ್ಟರೆ ಆಯಿತು, ಉಳಿದವರು ತಮ್ಮ ಪಾಡಿಗೆ ವಿಜ್ಞಾನ ಮಾಡಿಕೊಂಡಿರಬಹುದು ಅಂದುಕೊಳ್ಳುತ್ತಾರೆ. ಈ ವಿಂಗಡಣೆಯೇ ತಪ್ಪು ಅಂತ ನನಗೆ ಅನಿಸುತ್ತದೆ. ಹವಾಮಾನ ವಿಜ್ಞಾನದಿಂದ ಹೊರಗಿನವರಿಗೆ ತಪ್ಪು ಸಂದೇಶ ಹೋದ ದೊಡ್ಡ ಪ್ರಸಂಗಗಳನ್ನು ಬಿಡಿಸಿ ನೋಡಿ. ಹೆಚ್ಚಿನ ಸಲ ಒಂದು ಗುಂಪಿಗೆ ಚೆನ್ನಾಗಿ ಗೊತ್ತಿದ್ದ ವಿಷಯ ಪಕ್ಕದ ಗುಂಪಿಗೆ ತಲುಪಿರುವುದಿಲ್ಲ. ಎಡವಟ್ಟು ಶುರುವಾಗುವುದು ಅಲ್ಲಿಂದ. ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವುದು ಎಷ್ಟೋ ದಿನ ಆದಮೇಲೆ.

ಉದಾಹರಣೆಗೆ ಹೋಗುವ ಮೊದಲು, ನಾವು ಯಾವ ಬಗೆಯ ಸಂಸ್ಥೆಯ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದನ್ನು ಹೇಳಿಬಿಡುತ್ತೇನೆ. ವಿಶ್ವ ಹವಾಮಾನ ಸಂಶೋಧನಾ ಕಾರ್ಯಕ್ರಮ, ಅಂದರೆ ಡಬ್ಲ್ಯುಸಿಆರ್‌ಪಿ, 1980ರಲ್ಲಿ ಶುರುವಾಯಿತು. ವಿಶ್ವ ಹವಾಮಾನ ಸಂಸ್ಥೆ ಮತ್ತು ವೈಜ್ಞಾನಿಕ ಒಕ್ಕೂಟಗಳ ಅಂತಾರಾಷ್ಟ್ರೀಯ ಮಂಡಳಿ ಸೇರಿ ಅದನ್ನು ಕಟ್ಟಿದವು. 1993ರಲ್ಲಿ ಯುನೆಸ್ಕೋದ ಸಾಗರ ಆಯೋಗವೂ ಜೊತೆಯಾಯಿತು. ಇದನ್ನು ಐಪಿಸಿಸಿ, ಅಂದರೆ ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿಯ ಜೊತೆ ಬೆರೆಸಿ ಮಾತಾಡುವವರು ಜಾಸ್ತಿ. ಎರಡೂ ಬೇರೆ. 1988ರಲ್ಲಿ ಹುಟ್ಟಿದ ಐಪಿಸಿಸಿ ತಾನೇ ಸಂಶೋಧನೆ ಮಾಡುವುದಿಲ್ಲ. ಪ್ರಕಟವಾದ ಸಂಶೋಧನೆಯನ್ನು ಓದಿ, ತೂಗಿ, ವರದಿ ಬರೆಯುತ್ತದೆ. ಆ ಸಂಶೋಧನೆಯನ್ನು ದೇಶದೇಶಗಳ ನಡುವೆ ಹೊಂದಿಸುವ ಕೆಲಸ ಡಬ್ಲ್ಯುಸಿಆರ್‌ಪಿಯದು.

ಹೊಂದಿಸುವುದು ಅಂದೆ, ಗಮನಿಸಿ. ಇಲ್ಲಿ ಯಜಮಾನ ಅಂತ ಯಾರೂ ಇಲ್ಲ. ಜಿನೀವಾದಲ್ಲಿ ಒಂದು ಸಣ್ಣ ಸಚಿವಾಲಯ ಇದೆ. ಸಾಗರ ಮತ್ತು ಹವಾಮಾನದ ಸಂಬಂಧ ನೋಡುವ ಕ್ಲೈವಾರ್ ಯೋಜನೆಯ ಕಚೇರಿ ಚೀನಾದ ಕ್ವಿಂಗ್‌ದಾವ್‌ನಲ್ಲಿದೆ. ಮುಂಗಾರು ಸಂಶೋಧನೆಯ ಕಚೇರಿಗೆ ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಜಾಗ ಕೊಟ್ಟಿದೆ. ಹವಾಮಾನ ಮಾಡೆಲ್‌ಗಳನ್ನು, ಅಂದರೆ ಭೂಮಿಯ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮುಗಳನ್ನು, ಸುತ್ತು ಸುತ್ತಾಗಿ ಹೋಲಿಸಿ ನೋಡುವ ಸಿಮಿಪ್ ಯೋಜನೆಗೆ 2022ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಕಚೇರಿ ಆಯಿತು. ಸಮಿತಿಗಳಲ್ಲಿ ಕೂರುವ ವಿಜ್ಞಾನಿಗಳಿಗೆ ಸಂಬಳ ಕೊಡುವುದು ಅವರವರ ಸಂಸ್ಥೆ. ಈ ಕೆಲಸ ಅವರು ಮಾಡುವುದು ಬಿಡುವಿನಲ್ಲಿ, ಪ್ರೀತಿಯಿಂದ. ಹಾಗಾಗಿ 'ಇದನ್ನು ಮಾಡಲೇಬೇಕು' ಅಂತ ಯಾರೂ ಯಾರಿಗೂ ಹೇಳುವ ಹಾಗಿಲ್ಲ. ವಿಷಯ ತಿಳಿಸಿ, ಒಪ್ಪಿಸಿ, ಜೊತೆಗೆ ಕರೆದುಕೊಂಡು ಹೋಗಬೇಕು. ಇಂಥ ಕಾರ್ಯಕ್ರಮದಿಂದ ಸಂವಹನ ತೆಗೆದುಬಿಟ್ಟರೆ ಉಳಿಯುವುದು ಏನು ಹೇಳಿ?

ಒಳಗಿನ ಸಂವಹನ ಅಂದರೆ ಇಮೇಲು, ಸಭೆ ಅಂತ ಮಾತ್ರ ತಿಳಿಯಬೇಡಿ. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ಅತ್ಯುತ್ತಮ ಒಳ ಸಂವಹನ ಒಂದು ಫೈಲಿನ ಹೆಸರು. ನಿಮ್ಮಲ್ಲಿ ಮಾಡೆಲ್ ಡೇಟಾ ಬಳಸುವವರಿಗೆ ಇದು ದಿನನಿತ್ಯದ್ದು, ಉಳಿದವರಿಗಾಗಿ ಬಿಡಿಸಿ ಹೇಳುತ್ತೇನೆ. ಸಿಮಿಪ್‌ನ ಆರನೇ ಸುತ್ತಿನ ಒಂದು ಫೈಲ್ ಇಳಿಸಿಕೊಂಡಿರಿ ಅನ್ನಿ. ಹೆಸರಿನ ಮೊದಲ ತುಂಡು 'ಟಿಎಎಸ್'. ಅಂದರೆ ನೆಲದ ಹತ್ತಿರದ ಗಾಳಿಯ ತಾಪಮಾನ. ಮುಂದಿನದು 'ಎಮಾನ್'. ಅಂದರೆ ವಾತಾವರಣದ ತಿಂಗಳವಾರು ಲೆಕ್ಕ. ಆಮೇಲೆ ಮಾಡೆಲ್‌ನ ಹೆಸರು, ಪ್ರಯೋಗದ ಹೆಸರು. ಅದರ ಹಿಂದೆ 'ಆರ್1ಐ1ಪಿ1ಎಫ್1' ಅಂತ ಒಂದು ಬಾಲ. ಆ ಮಾಡೆಲನ್ನು ಎಷ್ಟನೇ ಸಲ ಓಡಿಸಿದ್ದು, ಆರಂಭದ ಸ್ಥಿತಿ ಹೇಗೆ ಕೊಟ್ಟದ್ದು, ಭೌತಿಕ ಲೆಕ್ಕಾಚಾರದ ಯಾವ ಆವೃತ್ತಿ, ಹಸಿರುಮನೆ ಅನಿಲ, ಸೂರ್ಯನ ಶಾಖದಂಥ ಹೊರಗಿನ ಒತ್ತಡಗಳ ಯಾವ ಪಟ್ಟಿ, ಇಷ್ಟೂ ಆ ಎಂಟು ಅಕ್ಷರ ಅಂಕಿಗಳಲ್ಲಿ ಇದೆ. ಕೊನೆಗೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಅನ್ನುವುದು.

ಸುಮಾರು 50 ಸಂಶೋಧನಾ ಗುಂಪುಗಳು, ಬೇರೆ ಬೇರೆ ದೇಶ, ಬೇರೆ ಬೇರೆ ಕಂಪ್ಯೂಟರು. ಎಲ್ಲರೂ ಒಂದೇ ರೀತಿಯ ಹೆಸರಿಡುತ್ತಾರೆ. ಫೈಲಿನ ಒಳಗೆ ಮಾನಗಳನ್ನು ಬರೆಯುವ ರೀತಿಯೂ ಒಂದೇ. ಟೋಕಿಯೋದಲ್ಲಿ ತಯಾರಾದ ಫೈಲನ್ನು ನೈರೋಬಿಯ ವಿದ್ಯಾರ್ಥಿನಿ ಯಾರನ್ನೂ ಕೇಳದೆ ತೆರೆದು ಓದಬಲ್ಲಳು. ಈ ಒಪ್ಪಂದಕ್ಕೆ ಬರಲು ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದಿದೆ. ಆ ಹಗ್ಗಜಗ್ಗಾಟ ಮಾಡಿದವರಿಗೆ ಬಹುಮಾನ ಬರಲಿಲ್ಲ, ಹೆಸರೂ ಬರಲಿಲ್ಲ. ಆದರೆ ಅವರ ಕೆಲಸ ಇಲ್ಲದಿದ್ದರೆ ಇವತ್ತಿನ ಅರ್ಧ ಸಂಶೋಧನೆ ನಡೆಯುತ್ತಿರಲಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇಷ್ಟೆಲ್ಲ ಹೇಳುವ ಆ ಫೈಲು ಒಂದು ಸಂಗತಿ ಮಾತ್ರ ಹೇಳುವುದಿಲ್ಲ. ಈ ಮಾಡೆಲ್ ನಿಮ್ಮ ಕೆಲಸಕ್ಕೆ ಸರಿಹೊಂದುತ್ತದಾ ಇಲ್ವಾ ಅನ್ನುವುದನ್ನು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಾನು ಹೇಳಬೇಕಾದ್ದೆಲ್ಲ ಈ ಒಂದು ಪ್ರಸಂಗದಲ್ಲೇ ಇದೆ.

ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾಗಿ, ಎಲ್ಲವೂ ಒಂದು ಸ್ಥಿತಿಗೆ ಬಂದು ನಿಂತ ಮೇಲೆ ಭೂಮಿ ಎಷ್ಟು ಡಿಗ್ರಿ ಬಿಸಿಯಾಗಿರುತ್ತದೆ? ಪ್ರತಿಯೊಂದು ಮಾಡೆಲ್‌ನಿಂದಲೂ ಈ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ. ಆರನೇ ಸುತ್ತಿನ ಮಾಡೆಲ್‌ಗಳಲ್ಲಿ ಆ ಉತ್ತರ 1.8 ಡಿಗ್ರಿಯಿಂದ 5.6 ಡಿಗ್ರಿವರೆಗೂ ಹರಡಿತ್ತು. ಹಿಂದಿನ ಸುತ್ತಿನಲ್ಲಿ ಮೇಲಿನ ತುದಿ ಇಷ್ಟು ಎತ್ತರಕ್ಕೆ ಹೋಗಿರಲಿಲ್ಲ. ಕಾರಣ ಹುಡುಕಿದಾಗ ಹೆಚ್ಚಿನ ಪಾಲು ಮೋಡಗಳಲ್ಲಿ ಸಿಕ್ಕಿತು, ಅದರಲ್ಲೂ ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದ ಕಡೆಯ ತಗ್ಗು ಮೋಡಗಳಲ್ಲಿ. ಐಪಿಸಿಸಿಯ ಆರನೇ ವರದಿ ಬರೆದವರು ಮಾಡೆಲ್‌ಗಳನ್ನಷ್ಟೇ ನಂಬಿ ಕೂರಲಿಲ್ಲ. ಅಳತೆಯಲ್ಲಿ ಕಂಡ ತಾಪಮಾನ ಏರಿಕೆ, ಹಿಂದಿನ ಕಾಲದ ಹವಾಮಾನದ ಕುರುಹುಗಳು, ಮೋಡಗಳ ಭೌತವಿಜ್ಞಾನ, ಎಲ್ಲವನ್ನೂ ಜೊತೆಗಿಟ್ಟು ನೋಡಿದರು. 2021ರಲ್ಲಿ ಅವರು ಕೊಟ್ಟ ತೀರ್ಮಾನ: ಉತ್ತರ ಬಹುತೇಕ 2.5ರಿಂದ 4 ಡಿಗ್ರಿ ಒಳಗಿದೆ, ಅತ್ಯುತ್ತಮ ಅಂದಾಜು 3 ಡಿಗ್ರಿ. ಮುಂದಿನ ತಾಪಮಾನದ ಅಂದಾಜನ್ನೂ ಅದಕ್ಕೆ ತಕ್ಕಂತೆ ಬಿಗಿಮಾಡಿದರು.

ಅಂದರೆ ಕೆಲವು ಮಾಡೆಲ್‌ಗಳು ಅತಿಯಾಗಿ ಬಿಸಿಯಾಗುತ್ತಿವೆ ಅನ್ನುವುದು ಆ ವಲಯದಲ್ಲಿ ಎಲ್ಲರಿಗೂ ಗೊತ್ತಿತ್ತು. ಸಮ್ಮೇಳನಗಳಲ್ಲಿ ಚರ್ಚೆಯಾಗಿತ್ತು, ಲೇಖನಗಳು ಬಂದಿದ್ದವು. ಡೇಟಾ ಇಳಿಸಿಕೊಂಡು ಬೆಳೆ, ನದಿ, ಆರೋಗ್ಯದ ಮೇಲೆ ಪರಿಣಾಮ ಲೆಕ್ಕ ಹಾಕುವವರ ಕಡೆಗೆ ಮಾತ್ರ ಈ ಮಾತು ಹೋಗಲಿಲ್ಲ. ಅವರಲ್ಲಿ ಎಷ್ಟೋ ಜನ ಹಳೆಯ ಅಭ್ಯಾಸದಂತೆ ಎಲ್ಲ ಮಾಡೆಲ್‌ಗಳಿಗೂ ಒಂದೊಂದು ಓಟು ಕೊಟ್ಟು ಸರಾಸರಿ ತೆಗೆದರು. ಬಿಸಿ ಮಾಡೆಲ್‌ಗಳು ಆ ಸರಾಸರಿಯನ್ನು ಮೇಲಕ್ಕೆ ಎಳೆದವು. ಆ ಲೇಖನಗಳನ್ನು ನೋಡಿ 'ಮೊದಲು ಅಂದುಕೊಂಡಿದ್ದಕ್ಕಿಂತ ಭೀಕರ' ಅನ್ನುವ ಶೀರ್ಷಿಕೆಗಳು ಬಂದವು. ಹವಾಮಾನ ವಿಜ್ಞಾನಿಗಳೇ ಕೆಲವರು 2022ರ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಎಚ್ಚರಿಸಿ ಬರೆಯಬೇಕಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಆ ಶೀರ್ಷಿಕೆ ಬರೆದ ಪತ್ರಕರ್ತರದ್ದು ತಪ್ಪಾ? ನನಗೆ ಹಾಗನಿಸುವುದಿಲ್ಲ. ಪರಿಣಾಮದ ಲೆಕ್ಕ ಹಾಕಿದವರದ್ದಾ? ಅವರು ಎಲ್ಲರಿಗೂ ತೆರೆದಿಟ್ಟ ಡೇಟಾ ತೆಗೆದುಕೊಂಡು, ವರ್ಷಗಳಿಂದ ನಡೆದುಬಂದ ವಿಧಾನದಲ್ಲಿ ಕೆಲಸ ಮಾಡಿದರು. ಮಾಹಿತಿ ಲೇಖನಗಳಲ್ಲಿ ಇತ್ತು ನಿಜ. ಅದು ಬೇಕಾಗಿದ್ದು ಡೇಟಾ ಇಳಿಸುವ ಪುಟದಲ್ಲಿ, ಗುಂಡಿ ಒತ್ತುವ ಕ್ಷಣದಲ್ಲಿ. ನಾಲ್ಕು ಸಾಲು ಸಾಕಿತ್ತು. 'ಈ ಸುತ್ತಿನ ಮಾಡೆಲ್‌ಗಳಲ್ಲಿ ಕೆಲವು ಅಳತೆಗಳು ಒಪ್ಪುವುದಕ್ಕಿಂತ ವೇಗವಾಗಿ ಬಿಸಿಯಾಗುತ್ತವೆ. ಸುಮ್ನೆ ಸರಾಸರಿ ತೆಗೆಯಬೇಡಿ. ಇಂತಿಂಥ ವರ್ಷ ಅನ್ನುವ ಬದಲು, ಜಗತ್ತು 2 ಡಿಗ್ರಿ ಬಿಸಿಯಾದಾಗ ಏನಾಗುತ್ತದೆ ಅಂತ ಕೇಳಿದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಬಿಸಿ ಮಾಡೆಲ್‌ಗಳನ್ನು ಎಸೆಯಬೇಕಿಲ್ಲ, ಮಳೆಯ ವಿನ್ಯಾಸದಂಥ ವಿಷಯಕ್ಕೆ ಅವು ಉಪಯೋಗಕ್ಕೆ ಬರಬಹುದು.' ಇಷ್ಟೇ.

ಡೇಟಾದಲ್ಲಿ ತಪ್ಪು ಸಿಕ್ಕಿದರೆ ಅದನ್ನು ದಾಖಲಿಸುವ ತಿದ್ದೋಲೆ ಸೇವೆ ಆರನೇ ಸುತ್ತಿನಲ್ಲಿ ಇತ್ತು. ಒಳ್ಳೆಯ ವ್ಯವಸ್ಥೆ ಅದು. ಆದರೆ ಮಾಡೆಲ್ ಬಿಸಿಯಾಗುವುದು 'ತಪ್ಪು' ಅಲ್ವಲ್ಲ. ಫೈಲು ಸರಿಯಾಗಿಯೇ ಇದೆ. ಲೆಕ್ಕವೂ ಮಾಡೆಲ್ ಹೇಳಿದಂತೆಯೇ ಇದೆ. ಹಾಗಾಗಿ ಈ ವಿಷಯ ಯಾವ ಪಟ್ಟಿಗೂ ಸೇರಲಿಲ್ಲ. ಒಳಗಿನವರು ಬಾಯಿಮಾತಿನಲ್ಲಿ ಹಂಚಿಕೊಳ್ಳುವ ಇಂಥ ತಿಳಿವಳಿಕೆಯೇ ಹೊರಗಿನವರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುತ್ತದೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಹಳೆಯದು, ಹೆಚ್ಚು ಜನಕ್ಕೆ ಗೊತ್ತಿರುವುದು. ಐಪಿಸಿಸಿಯ 2007ರ ವರದಿಯಲ್ಲಿ, ಪರಿಣಾಮಗಳ ಕುರಿತ ಎರಡನೇ ಸಂಪುಟದಲ್ಲಿ, ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗಬಹುದು ಅನ್ನುವ ಮಾತು ಸೇರಿಕೊಂಡಿತು. ಅದಕ್ಕೆ ಗಟ್ಟಿ ಆಧಾರ ಇರಲಿಲ್ಲ. ಬೇರೆ ತಜ್ಞರ ಪರಾಮರ್ಶೆಗೆ ಒಳಗಾಗದ ಒಂದು ವರದಿಯಿಂದ ಬಂದದ್ದು. ಹಿಮನದಿ ತಜ್ಞರೂ ಕೂತು ಬರೆದ ಮೊದಲನೇ ಸಂಪುಟದಲ್ಲಿ ಇಂಥ ಮಾತು ಎಲ್ಲೂ ಇರಲಿಲ್ಲ. ಒಂದೇ ಸಂಸ್ಥೆ, ಒಂದೇ ವರ್ಷ, ಎರಡು ಸಂಪುಟ. ಮೊದಲನೇ ಸಂಪುಟದ ಹಿಮನದಿ ತಜ್ಞರು ಎರಡನೇ ಸಂಪುಟದ ಆ ಪ್ಯಾರಾ ಓದಿ, ಅವರ ಮಾತಿಗೆ ಬೆಲೆ ಸಿಕ್ಕಿದ್ದರೆ, ಅದು ಕರಡಿನಲ್ಲೇ ಉದುರಿಹೋಗುತ್ತಿತ್ತು.

2010ರ ಜನವರಿಯಲ್ಲಿ ಐಪಿಸಿಸಿ ಈ ತಪ್ಪನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ಗದ್ದಲ ಎದ್ದಾಗಿತ್ತು. ಅದೇ ವರ್ಷ ಜಗತ್ತಿನ ವಿಜ್ಞಾನ ಅಕಾಡೆಮಿಗಳ ಒಕ್ಕೂಟ ಐಪಿಸಿಸಿಯ ಕೆಲಸದ ರೀತಿಯನ್ನು ಪರಿಶೀಲಿಸಿತು. ಟೀಕೆ ಬಂದಾಗ ಉತ್ತರ ಕೊಟ್ಟದ್ದು ನಿಧಾನವಾಯಿತು, ಸಾಲದಾಯಿತು ಅಂತ ಹೇಳಿತು. ಸಂಸ್ಥೆಯ ಪರವಾಗಿ ಯಾರು ಮಾತಾಡಬೇಕು ಅನ್ನುವುದನ್ನೂ ಒಳಗೊಂಡ ಒಂದು ಸಂವಹನ ನೀತಿ ಬೇಕು ಅಂತ ಶಿಫಾರಸು ಮಾಡಿತು. ಪರಿಶೀಲಕರ ಟಿಪ್ಪಣಿಗಳಿಗೆ ಉತ್ತರ ಕೊಟ್ಟಿದ್ದಾರಾ ಅಂತ ನೋಡುವ ಸಂಪಾದಕರ ಕೈ ಬಲಪಡಿಸಬೇಕು ಅಂತಲೂ ಹೇಳಿತು. ಮೇಲ್ನೋಟಕ್ಕೆ ಒಂದು ಹೊರಗಿನ ಸಂವಹನದ್ದು, ಇನ್ನೊಂದು ಒಳಗಿನದ್ದು. ಎರಡನ್ನೂ ಒಂದೇ ವರದಿಯಲ್ಲಿ ಹೇಳಬೇಕಾಗಿ ಬಂತು ಅನ್ನುವುದನ್ನು ನೋಡಿ.

ಮೂರನೆಯದು ಆಫ್ರಿಕಾದ್ದು. 1997ರಲ್ಲಿ ಪ್ರಬಲ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ಮೇಲ್ನೀರು ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನ, ಬಂದಿತ್ತು. ಆ ವರ್ಷ ದಕ್ಷಿಣ ಆಫ್ರಿಕಾ ಭಾಗದ ದೇಶಗಳ ಮುನ್ಸೂಚಕರು ಒಟ್ಟಿಗೆ ಕೂತು ಮುಂದಿನ ಮಳೆಗಾಲಕ್ಕೆ ಒಮ್ಮತದ ಮುನ್ಸೂಚನೆ ತಯಾರಿಸಿದರು. ಇದು ತುಂಬ ಒಳ್ಳೆಯ ಪದ್ಧತಿ, ಇವತ್ತಿಗೂ ಜಗತ್ತಿನ ಬೇರೆ ಬೇರೆ ಭಾಗಗಳಲ್ಲಿ ನಡೆಯುತ್ತದೆ. ಇಂಥ ಮುನ್ಸೂಚನೆ ಮೂರು ಪಾಲಿನಲ್ಲಿರುತ್ತದೆ. ವಾಡಿಕೆಗಿಂತ ಕಡಿಮೆ, ವಾಡಿಕೆಯಷ್ಟು, ವಾಡಿಕೆಗಿಂತ ಜಾಸ್ತಿ. ಒಂದೊಂದಕ್ಕೂ ಇಷ್ಟಿಷ್ಟು ಸಾಧ್ಯತೆ. ಉದಾಹರಣೆಗೆ 45, 35, 20 ಅಂತ ಇಟ್ಟುಕೊಳ್ಳಿ. ಬರದ ಕಡೆ ವಾಲಿದೆ, ಆದರೂ ಅರ್ಧಕ್ಕಿಂತ ಜಾಸ್ತಿ ಸಾಧ್ಯತೆ ಬರ ಇಲ್ಲ ಅನ್ನುವ ಕಡೆಗಿದೆ. ತಯಾರಿಸಿದವರಿಗೆ ಇದು ಸ್ಪಷ್ಟ. ಜಿಂಬಾಬ್ವೆಯಲ್ಲಿ ಹೊರಗೆ ಹಬ್ಬಿದ್ದು ಮಾತ್ರ 'ಬರ ಬರುತ್ತದೆ' ಅಂತ. ಬ್ಯಾಂಕುಗಳು ರೈತರಿಗೆ ಸಾಲ ಕೊಡುವುದನ್ನು ಬಿಗಿಗೊಳಿಸಿದವು. ರೈತರಿಗೆ ಬೀಜ, ಗೊಬ್ಬರಕ್ಕೆ ದುಡ್ಡಿಲ್ಲ. ಮಳೆ ನೋಡಿದರೆ ಹಲವು ಕಡೆ ವಾಡಿಕೆಯ ಹತ್ತಿರವೇ ಬಂತು.

ಮುನ್ಸೂಚನೆ ತಪ್ಪಾಗಿತ್ತು ಅನ್ನುವ ಹಾಗಿಲ್ಲ. ಸಾಧ್ಯತೆಯ ಮಾತು ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಸ್ವಲ್ಪ ಸವೆದು, ಕೊನೆಗೆ ಖಚಿತ ಮಾತಾಗಿ ಹೋಯಿತು. ಆ ಹೊರೆ ಬಿದ್ದದ್ದು ಮುನ್ಸೂಚನೆ ಬರೆದವರ ಮೇಲಲ್ಲ, ಆ ಕೋಣೆಯಲ್ಲಿ ಇಲ್ಲದವರ ಮೇಲೆ. ನನಗೆ ಈ ಪ್ರಸಂಗ ನೆನೆದಾಗಲೆಲ್ಲ ಬೇಸರವಾಗುತ್ತದೆ. ಆಮೇಲಿನ ವರ್ಷಗಳಲ್ಲಿ ಅದೇ ಜಿಂಬಾಬ್ವೆಯ ಹಳ್ಳಿಗಳಲ್ಲಿ ಸಂಶೋಧಕರು ರೈತರ ಜೊತೆ ಕೂತು ಮುನ್ಸೂಚನೆಯನ್ನು ಚರ್ಚಿಸಿದರು. ಯಾಕೆ ಹೀಗೆ, ಎಷ್ಟು ನಂಬಬಹುದು, ಹಿಂದಿನ ಸಲ ಏನಾಯಿತು, ಎಲ್ಲ. ಹಾಗೆ ಕೂತು ಮಾತಾಡಿದವರು ಮುನ್ಸೂಚನೆಯನ್ನು ಬಳಸಿಕೊಳ್ಳುವ ಸಾಧ್ಯತೆ ಜಾಸ್ತಿ, ಬಳಸಿಕೊಂಡವರ ಬೆಳೆಯೂ ಸುಧಾರಿಸಿತು ಅಂತ 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕರಪತ್ರ ಹಂಚುವುದಕ್ಕೂ ಕೂತು ಮಾತಾಡುವುದಕ್ಕೂ ಇಷ್ಟು ವ್ಯತ್ಯಾಸ ಇದೆ.

ಸಾಧ್ಯತೆಯ ಬಗ್ಗೆಯೇ ಇನ್ನೊಂದು ಮಾತು. ಐಪಿಸಿಸಿ ವರದಿಯಲ್ಲಿ 'ಬಹಳ ಸಂಭವ' ಅಂದರೆ ನೂರಕ್ಕೆ 90ಕ್ಕಿಂತ ಹೆಚ್ಚು ಅಂತ ಒಂದು ಕಟ್ಟುಪಾಡು ಇದೆ. ಸಾಮಾನ್ಯ ಓದುಗರು ಅದನ್ನು ಅಷ್ಟು ಗಟ್ಟಿಯಾಗಿ ತೆಗೆದುಕೊಳ್ಳುವುದಿಲ್ಲ. 24 ದೇಶಗಳಲ್ಲಿ, 17 ಭಾಷೆಗಳಲ್ಲಿ ಇದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲ ಕಡೆಯೂ ಜನ ಐವತ್ತು ಐವತ್ತರ ಕಡೆಗೆ ಜಾರುತ್ತಾರೆ. ಪದದ ಪಕ್ಕದಲ್ಲೇ ಅಂಕಿಯನ್ನೂ ಬರೆದರೆ ಓದುಗರು ಬರೆದವರ ಉದ್ದೇಶಕ್ಕೆ ಹತ್ತಿರ ಬರುತ್ತಾರೆ. ಖರ್ಚಿಲ್ಲದ ಸುಧಾರಣೆ ಇದು. ಅಂಕಿಯನ್ನು ಕೊನೆಯ ಪುಟದ ಪಟ್ಟಿಯಲ್ಲಿ ಇಟ್ಟರೆ ಆಗುವುದಿಲ್ಲ, ಅದೇ ಸಾಲಿನಲ್ಲಿ ಇಡಿ.

ವೇಗದ ಪ್ರಶ್ನೆಯೂ ಇದೆ. ಬಿಸಿಗಾಳಿಯೋ ಪ್ರವಾಹವೋ ಬಂದಾಗ ಜನ 'ಇದಕ್ಕೆ ಹವಾಮಾನ ಬದಲಾವಣೆ ಕಾರಣವಾ' ಅಂತ ಕೇಳುವುದು ಆ ವಾರದಲ್ಲಿ. ನಮ್ಮ ಲೇಖನ ಪರಾಮರ್ಶೆ ಮುಗಿಸಿ ಬರುವುದು ಮುಂದಿನ ವರ್ಷ. 2014ರಲ್ಲಿ ಶುರುವಾದ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಗುಂಪು ಇದಕ್ಕೊಂದು ದಾರಿ ಹುಡುಕಿದೆ. ವಿಧಾನವನ್ನು ಮೊದಲೇ ಪರಾಮರ್ಶೆಗೆ ಕೊಟ್ಟು ಪ್ರಕಟಿಸಿ ಇಟ್ಟುಕೊಳ್ಳುತ್ತಾರೆ. ಘಟನೆ ನಡೆದಾಗ ಆ ವಿಧಾನಕ್ಕೆ ಹೊಸ ಅಂಕಿ ಹಾಕುತ್ತಾರೆ. 2022ರ ಮಾರ್ಚ್, ಏಪ್ರಿಲ್‌ನಲ್ಲಿ ಭಾರತ, ಪಾಕಿಸ್ತಾನವನ್ನು ಸುಟ್ಟ ಬಿಸಿಗಾಳಿಯ ಸಾಧ್ಯತೆ ಹವಾಮಾನ ಬದಲಾವಣೆಯಿಂದ ಸುಮಾರು 30 ಪಟ್ಟು ಹೆಚ್ಚಿತ್ತು ಅಂತ ಅವರು ಮೇ ತಿಂಗಳಲ್ಲೇ ಹೇಳಿದರು. ಅವಸರ ಮಾಡದೆ ಬೇಗ ಹೇಳುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ಯಾಕೆ ಸಾಧ್ಯವಾಯಿತು? ವಾದವಿವಾದ ಎಲ್ಲ ಒಳಗೆ ಮೊದಲೇ ಮುಗಿದಿತ್ತು.

ಈಗ ಸಭೆಗಳ ವಿಷಯ. ಆನ್‌ಲೈನ್ ಸಭೆ ಬಂದಮೇಲೆ ಎಲ್ಲರೂ ಸಮಾನ ಆದೆವು ಅಂತ ಹೇಳುವವರಿದ್ದಾರೆ. ಚಳಿಗಾಲದಲ್ಲಿ ಜಿನೀವಾದ ಮಧ್ಯಾಹ್ನ 3 ಗಂಟೆಗೆ ಸಭೆ ಇಡಿ. ಅಮೆರಿಕದ ಬೌಲ್ಡರ್‌ನಲ್ಲಿ ಬೆಳಿಗ್ಗೆ 7. ಪುಣೆಯಲ್ಲಿ ಸಂಜೆ 7.30. ಫಿಜಿಯ ಸುವಾದಲ್ಲಿ ರಾತ್ರಿ 2 ಗಂಟೆ. ಸಮುದ್ರ ಮಟ್ಟ ಏರುವುದರಿಂದ ಎಲ್ಲರಿಗಿಂತ ಮೊದಲು ತೊಂದರೆಗೆ ಸಿಗುವ ದ್ವೀಪದ ಪ್ರತಿನಿಧಿ ನಡುರಾತ್ರಿ ಎದ್ದು ಕೂರಬೇಕು. ಒಂದು ಸಲ ಕೂರುತ್ತಾರೆ, ಎರಡು ಸಲ ಕೂರುತ್ತಾರೆ, ಆಮೇಲೆ ಬರುವುದಿಲ್ಲ. ಅವರ ಮೌನವನ್ನು ನಾವು ಒಪ್ಪಿಗೆ ಅಂತ ಬರೆದುಕೊಳ್ಳುತ್ತೇವೆ. ಸಮಯವನ್ನು ಸರದಿ ಪ್ರಕಾರ ಬದಲಾಯಿಸಿ. ತೀರ್ಮಾನ ಆಗಬೇಕಾದ್ದನ್ನು ಮೊದಲೇ ಬರಹದಲ್ಲಿ ಕಳಿಸಿ, ಸಭೆ ಮುಗಿದ ಮೇಲೂ ಒಂದು ವಾರ ಬರಹದಲ್ಲಿ ಅಭಿಪ್ರಾಯ ಹೇಳಲು ಬಿಡಿ. ಇಂಗ್ಲಿಷ್‌ನಲ್ಲಿ ಪಟಪಟ ಮಾತಾಡಲು ಬಾರದ ಒಳ್ಳೆಯ ವಿಜ್ಞಾನಿಗಳಿಗೂ ಇದರಿಂದ ಅನುಕೂಲ. ಡಬ್ಲ್ಯುಸಿಆರ್‌ಪಿ ತನ್ನ ಮುಕ್ತ ವಿಜ್ಞಾನ ಸಮ್ಮೇಳನವನ್ನು 2011ರಲ್ಲಿ ಡೆನ್ವರ್‌ನಲ್ಲಿ ಮಾಡಿತ್ತು. 2023ರ ಅಕ್ಟೋಬರ್‌ನಲ್ಲಿ ರುವಾಂಡಾದ ಕಿಗಾಲಿಗೆ ಒಯ್ದಿತು. ಸರಿಯಾದ ಹೆಜ್ಜೆ. ಹನ್ನೆರಡು ವರ್ಷಕ್ಕೊಂದು ಸಮ್ಮೇಳನದಿಂದ ಮಾತ್ರ ದಿನದಿನದ ಈ ಅಂತರ ತುಂಬುವುದಿಲ್ಲ.

ಡಬ್ಲ್ಯುಸಿಆರ್‌ಪಿ ಯೋಜನೆಗಳ ಹೆಸರುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಲೈವಾರ್, ಗ್ಯೂಯೆಕ್ಸ್, ಕ್ಲಿಕ್, ಎಪಾರ್ಕ್, ಎಸ್ಮೋ. ಹೊಸಬರು ಇದರ ಎದುರು ಕಂಗಾಲಾಗುತ್ತಾರೆ. ಪ್ರತಿ ದಾಖಲೆಯಲ್ಲೂ ಮೊದಲ ಸಲ ಬಂದಾಗ ಆ ಯೋಜನೆ ಏನು ಮಾಡುತ್ತದೆ ಅಂತ ಅರ್ಧ ಸಾಲು ಬರೆಯಿರಿ, ಸಾಕು.

ಇದಕ್ಕಿಂತ ನನಗೆ ಚಿಂತೆ ಹುಟ್ಟಿಸುವುದು ಜನ ಬದಲಾಗುವುದು. ಸಮಿತಿಯ ಸದಸ್ಯತ್ವ ಕೆಲವು ವರ್ಷದ್ದು. ಅವಧಿ ಮುಗಿದವರು ಹೋಗುತ್ತಾರೆ, ಅವರ ಜೊತೆಗೆ 'ಆ ಪ್ರಯೋಗ ಯಾಕೆ ಕೈಬಿಟ್ಟೆವು', 'ಆ ದೇಶದ ಡೇಟಾ ಕೇಳುವುದಾದರೆ ಯಾರ ಮೂಲಕ ಕೇಳಬೇಕು' ಅನ್ನುವುದೂ ಹೋಗುತ್ತದೆ. ಸಭೆಯ ನಡಾವಳಿಯಲ್ಲಿ ತೀರ್ಮಾನ ಇರುತ್ತದೆ, ಕಾರಣ ಇರುವುದಿಲ್ಲ. ಐದು ವರ್ಷದ ನಂತರ ಹೊಸ ಸಮಿತಿ ಅದೇ ಚರ್ಚೆಯನ್ನು ಮೊದಲಿನಿಂದ ಶುರುಮಾಡುತ್ತದೆ. ಹಾಗಾಗಿ ನನ್ನ ಕೋರಿಕೆ: ತೀರ್ಮಾನದ ಕೆಳಗೆ ಕಾರಣವನ್ನೂ, ತಿರಸ್ಕರಿಸಿದ ಬೇರೆ ದಾರಿಗಳನ್ನೂ ಎರಡೆರಡು ಸಾಲಿನಲ್ಲಿ ಬರೆದಿಡಿ. ಹೊರಡುವವರು ಬರುವವರ ಜೊತೆ ಒಂದು ಸಭೆಯಲ್ಲಾದರೂ ಒಟ್ಟಿಗೆ ಕೂರಲಿ. ಯುವ ವಿಜ್ಞಾನಿಗಳನ್ನು ಬರೀ ಟಿಪ್ಪಣಿ ಬರೆದುಕೊಳ್ಳಲು ಕರೆಯಬೇಡಿ, ಮಾತಾಡಲು ಕರೆಯಿರಿ. ಮುಂದಿನ ಇಪ್ಪತ್ತು ವರ್ಷ ಇಲ್ಲಿ ಇರುವವರು ಅವರೇ ಅಲ್ವಾ.

ಇದಕ್ಕೆಲ್ಲ ಸಮಯ ಎಲ್ಲಿದೆ ಅಂತ ನೀವು ಕೇಳುತ್ತೀರಿ, ಸರಿಯಾದ ಪ್ರಶ್ನೆಯೇ. ಮಾಡೆಲ್ ಓಡಿಸಲು ಅನುದಾನ ಸಿಗುತ್ತದೆ. ಆ ಮಾಡೆಲ್‌ನ ಗುಣದೋಷವನ್ನು ಬಳಕೆದಾರರಿಗೆ ಅರ್ಥವಾಗುವ ಹಾಗೆ ಬರೆಯಲು ಸಿಗುವುದು ಕಡಿಮೆ. ಬಿಡುವಿನ ಕೆಲಸಕ್ಕೆ ಬಿಟ್ಟರೆ ಅದು ಆಗುವುದೇ ಇಲ್ಲ. ಯೋಜನೆಯ ಪ್ರಸ್ತಾವ ಬರೆಯುವಾಗಲೇ, ಮೊದಲ ವರ್ಷದಿಂದಲೇ, ಇದಕ್ಕೊಬ್ಬರ ಸಂಬಳ ಸೇರಿಸಿ. ಆ ವ್ಯಕ್ತಿ ಪತ್ರಿಕಾ ವಿಭಾಗದಲ್ಲಿ ಕೂರುವುದು ಬೇಡ, ಮಾಡೆಲ್ ಗುಂಪಿನ ವಾರದ ಸಭೆಯಲ್ಲಿ ಕೂರಲಿ. ಅಲ್ಲಿ ಯಾರೋ 'ನಮ್ಮ ಮೋಡಗಳು ಈ ಸಲ ಯಾಕೋ ವಿಚಿತ್ರವಾಗಿವೆ' ಅಂದಾಗ, ಅದನ್ನು ಬರೆದುಕೊಂಡು ಅದೇ ತಿಂಗಳು ಡೇಟಾ ಪುಟಕ್ಕೆ ಸೇರಿಸುವುದು ಅವರ ಮೊದಲ ಕೆಲಸವಾಗಲಿ. ಏಳನೇ ಸುತ್ತಿನ ಸಿಮಿಪ್‌ನ ಕೆಲಸಕ್ಕೆ ಕೈಹಾಕಿರುವವರು ನಿಮ್ಮಲ್ಲಿ ಇದ್ದರೆ, ಆ ಟಿಪ್ಪಣಿಗೆ ಪುಟದಲ್ಲಿ ಜಾಗ ಎಲ್ಲಿ ಅನ್ನುವುದನ್ನು ಮೊದಲ ಫೈಲು ಹಾಕುವ ಮುಂಚೆಯೇ ಗೊತ್ತುಮಾಡಿಕೊಳ್ಳಿ.